ಕುಪ್ಪಾಯದ ಒಳಗಿನ ಚರಿತ್ರೆ

ಉಪ್ಪಳದಲ್ಲಿ ನನ್ನ ಉಪ್ಪನಿಗೆ ಒಂದು ಸಣ್ಣ ಬಟ್ಟೆ ಅಂಗಡಿ ಇತ್ತು. ಶಾಲೆ ಬಿಟ್ಟ ಕೂಡಲೇ ನಾನು ಅಲ್ಲಿ ಹೋಗಿ ಕೂರುತ್ತಿದ್ದೆ. ಯಾರಿಗೆ ಎಷ್ಟನೇ ಸೈಜಿನ ಬನಿಯನ್, ಯಾವ ಮನೆಗೆ ಯಾವ ಬಣ್ಣದ ಲುಂಗಿ ಎಂಬುದೆಲ್ಲ ನನಗೆ ಬಾಯಿಪಾಠವಾಗಿತ್ತು. ಆದರೆ ಅದೇ ಅಂಗಡಿಯಲ್ಲಿ ಮಾರಾಟಕ್ಕಿದ್ದ ಹೆಂಗಸರ ಒಳ ಉಡುಪುಗಳಲ್ಲಿ ಒಂದನ್ನೂ ನನ್ನ ಉಮ್ಮ ತೊಟ್ಟಿರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಮೂರು ವರ್ಷದ ಹಿಂದೆ. ಎಲ್ಲವನ್ನೂ ಅವರು ಮನೆಯಲ್ಲೇ ಹೊಲಿದುಕೊಳ್ಳುತ್ತಿದ್ದರು.

ಇದನ್ನೆಲ್ಲ ಬರೆಯುವುದು ಯಾಕೆ, ನಾಚಿಕೆ ಇಲ್ಲವೇ ಎಂದು ಕೆಲವರು ಕೇಳಬಹುದು. ಬರೆಯುವ ಮೊದಲು ನಾನು ಉಮ್ಮನ ಒಪ್ಪಿಗೆ ಕೇಳಿದೆ. "ನನ್ನ ಹೆಸರು ಹಾಕಬೇಡ. ಹೊಲಿಗೆಯದ್ದು ಮಾತ್ರ ಸರಿಯಾಗಿ ಬರೆ" ಎಂದರು. ಹಾಗಾಗಿ ಬರೆಯುತ್ತಿದ್ದೇನೆ.

ನಮ್ಮ ಹಿರಿಯರ ಹಡಗು, ವ್ಯಾಪಾರ, ಮಸೀದಿಗಳ ಬಗ್ಗೆ ನಾವು ಬೇಕಾದಷ್ಟು ಬರೆದಿದ್ದೇವೆ. ಹೆಂಗಸರ ಉಡುಪಿನ ಮಾತು ಬಂದರೆ ತುಣಿ, ಕುಪ್ಪಾಯ, ಯಲಸರ, ಹೊರಗೆ ಹೋಗುವಾಗ ಮೈತುಂಬ ಹೊದೆಯುವ ರಿದಾ ಎಂದು ನಾಲ್ಕು ಹೆಸರು ಹೇಳಿ ಮುಗಿಸುತ್ತೇವೆ. ಆ ಕುಪ್ಪಾಯದ ಒಳಗೆ ಏನಿತ್ತು, ಅದನ್ನು ಯಾರು ಹೊಲಿದರು ಎಂದು ಕೇಳಿದವರಿಲ್ಲ.

ಕುಪ್ಪಾಯ ಎಂಬುದು ಸಣ್ಣ ಸಂಗತಿಯಲ್ಲ. ಕನ್ನಡದ ಕುಪ್ಪಸವೂ ನಮ್ಮ ಕುಪ್ಪಾಯವೂ ಒಂದೇ ಬಳ್ಳಿಯ ಕಾಯಿಗಳು. ತೆಂಕಣ ತಿರುವಿದಾಂಕೂರಿನಲ್ಲಿ ಒಂದು ಕಾಲದಲ್ಲಿ ನಾಡಾರ್ ಹೆಂಗಸರು ಮೇಲ್ಜಾತಿಯವರ ಹಾಗೆ ಎದೆ ಮುಚ್ಚಿಕೊಳ್ಳುವಂತಿರಲಿಲ್ಲ. 1810ರ ದಶಕದಲ್ಲಿ ಕರ್ನಲ್ ಮುನ್ರೋ ಆಡಳಿತದಲ್ಲಿ ಕ್ರೈಸ್ತರಾದ ನಾಡಾರ್ ಹೆಂಗಸರಿಗೆ ಒಂದು ಅನುಮತಿ ಸಿಕ್ಕಿತು. ಮೇಲ್ಜಾತಿಯವರ ಮೇಲ್ಸೆರಗು ಬೇಡ, ಸಿರಿಯನ್ ಕ್ರೈಸ್ತರು ಮತ್ತು ಮಾಪಿಳ್ಳೆಯರು ತೊಡುವಂಥ ಕುಪ್ಪಾಯ ತೊಡಬಹುದು ಎಂಬ ಅನುಮತಿ ಅದು. ಜಗಳ, ಹೊಡೆದಾಟ ಅಲ್ಲಿಗೂ ನಿಲ್ಲಲಿಲ್ಲ. ಕೊನೆಗೆ 1859ರಲ್ಲಿ ಎಲ್ಲ ನಾಡಾರ್ ಹೆಂಗಸರಿಗೂ ಮೇಲುಡುಪಿನ ಹಕ್ಕು ಸಿಕ್ಕಿತು, ಅದೂ ಮೇಲ್ಜಾತಿಯವರ ಶೈಲಿಯಲ್ಲಿ ತೊಡಬಾರದು ಎಂಬ ಷರತ್ತಿನ ಮೇಲೆ. ನಮ್ಮ ಅಜ್ಜಿಯರು ದಿನವೂ ತೊಟ್ಟು ಒಗೆದು ಹಿತ್ತಲಲ್ಲಿ ಒಣಗಿಸುತ್ತಿದ್ದ ಅಂಥದ್ದೇ ಒಂದು ಹೊಲಿದ ಉಡುಪಿಗಾಗಿ ಬೇರೆಯವರು ಪೆಟ್ಟು ತಿಂದಿದ್ದಾರೆ.

ಒಳಗಿನ ಬಟ್ಟೆಗಳ ಹೆಸರುಗಳೂ ದೂರದಿಂದ ಬಂದವು. ಹೆಣ್ಣುಮಕ್ಕಳ ಫ್ರಾಕಿನ ಒಳಗೆ ಹಾಕುವ ತೋಳಿಲ್ಲದ ಅಂಗಿಗೆ ನಮ್ಮ ಕಡೆ ಶಿಮ್ಮೀಸು ಎನ್ನುತ್ತೇವಲ್ಲ, ಅದು ಫ್ರೆಂಚರ ಶೆಮೀಸ್. ಈಗ ಅಂಗಡಿಯವರು ಹೇಳುವ ಕ್ಯಾಮಿಸೋಲ್ ಕೂಡ ಅದೇ ಕುಟುಂಬದ್ದು. ಎರಡಕ್ಕೂ ಮೂಲ ಹಳೆಯ ಲ್ಯಾಟಿನ್ನಿನ ಕಮಿಸಿಯಾ. ಅರಬಿಯ ಕಮೀಸ್ ಕೂಡ ಇವುಗಳ ನೆಂಟನೇ. ಬನಿಯನ್ ಎಂಬುದು ಗುಜರಾತಿಯ ವಾಣಿಯೋ, ಅಂದರೆ ವ್ಯಾಪಾರಿ ಎಂಬ ಶಬ್ದದಿಂದ ಹೊರಟು ಪೋರ್ಚುಗೀಸರ, ಇಂಗ್ಲಿಷರ ಬಾಯಲ್ಲಿ ಸುತ್ತಿ ಬಂದದ್ದು. ಗಲ್ಲಾಪೆಟ್ಟಿಗೆಯ ಹಿಂದೆ ಬನಿಯನ್ ಹಾಕಿ ಕೂರುತ್ತಿದ್ದ ನನ್ನ ಉಪ್ಪನಿಗೆ ಇದು ಗೊತ್ತಿದ್ದರೆ ನಗುತ್ತಿದ್ದರು.

ಉಮ್ಮನ ತವರು ತಳಂಗರೆ. ತಳಂಗರೆ ತೊಪ್ಪಿ ಎಂದರೆ ನಿಮಗೆ ಗೊತ್ತೇ ಇದೆ. ಬಿಳಿ ಬಟ್ಟೆಯ ಮೇಲೆ ಕೈಸೂಜಿಯಲ್ಲಿ ಒತ್ತೊತ್ತಾಗಿ ಹೊಲಿದ ಆ ತೊಪ್ಪಿಗಳು ಅಲ್ಲಿಂದ ಗಲ್ಫಿನವರೆಗೂ ಹೋಗಿವೆ. ಹೊಲಿದವರು ಮನೆಯೊಳಗಿನ ಹೆಂಗಸರು. ಯಂತ್ರದ ಅಗ್ಗದ ತೊಪ್ಪಿ ಬಂದ ಮೇಲೆ ಆ ಕೆಲಸ ಇಳಿಯುತ್ತಾ ಹೋಯಿತು. ನನ್ನ ಉಮ್ಮಮ್ಮ ಅಂಥ ತೊಪ್ಪಿ ಹೊಲಿದೇ ಮಗಳ ಮದುವೆಗೆ ಒಂದು ಉಷಾ ಹೊಲಿಗೆ ಯಂತ್ರ ತೆಗೆದರಂತೆ. ಕೈಯಲ್ಲಿ ತಿರುಗಿಸುವ ಕಪ್ಪು ಯಂತ್ರ. ಸಿಂಗರ್ 1851ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ಪಡೆದ ಹೊಲಿಗೆ ಯಂತ್ರ ಆ ಶತಮಾನ ಮುಗಿಯುವ ಮೊದಲೇ ನಮ್ಮ ದೇಶಕ್ಕೆ ಬಂದಿತ್ತು. 1930ರ ದಶಕದಲ್ಲಿ ಕಲ್ಕತ್ತೆಯಲ್ಲಿ ಉಷಾ ತಯಾರಾಗತೊಡಗಿತು. ಯಂತ್ರಗಳ ಬಗ್ಗೆ ಸದಾ ಎಚ್ಚರಿಕೆಯ ಮಾತಾಡುತ್ತಿದ್ದ ಗಾಂಧೀಜಿಯೂ ಹೊಲಿಗೆ ಯಂತ್ರಕ್ಕೆ ಮಾತ್ರ ವಿನಾಯಿತಿ ಕೊಟ್ಟಿದ್ದರು. ಮನೆಯಿಂದ ಹೊರಗೆ ಹೋಗದೆ ದುಡಿಯಬೇಕಾಗಿದ್ದ ನಮ್ಮ ಹೆಂಗಸರಿಗೆ ಈ ಯಂತ್ರ ಏನಾಗಿತ್ತು ಎಂದು ನಾನು ವಿವರಿಸಬೇಕಾಗಿಲ್ಲ.

ಇನ್ನು ನಮ್ಮ ಅಂಗಡಿಯ ಕಥೆ. ಗಲ್ಲಾದಲ್ಲಿ ಗಂಡಸು, ಬಟ್ಟೆ ತೋರಿಸುವವನೂ ಗಂಡಸು. ಅಂಥ ಕಡೆ ಹೆಂಗಸೊಬ್ಬಳು ತನಗೆ ಬೇಕಾದ ಅಳತೆಯನ್ನು ಬಾಯಿಬಿಟ್ಟು ಹೇಳುವುದು ಹೇಗೆ? ಗಂಡನೋ ತಮ್ಮನೋ ಬಂದು ಅಂದಾಜಿನ ಮೇಲೆ ಒಂದು ಪೆಟ್ಟಿಗೆ ಹಿಡಿದು ಹೋಗುತ್ತಿದ್ದರು. ಉಪ್ಪ ಅದನ್ನು ಹಳೆ ಪತ್ರಿಕೆಯಲ್ಲಿ ಎರಡು ಸುತ್ತು ಸುತ್ತಿ ಕೊಡುತ್ತಿದ್ದರು. ಅಳತೆ ಸರಿಯಾಗದಿದ್ದರೂ ಯಾರೂ ವಾಪಸು ತರುತ್ತಿರಲಿಲ್ಲ. ಅದನ್ನು ಕಂಡು ನಾನು ನಮ್ಮ ಮಾಲು ಬಹಳ ಚೆನ್ನಾಗಿದೆ ಎಂದುಕೊಂಡಿದ್ದೆ!

ಕೆಲವು ಹೆಂಗಸರು ಮಾತ್ರ ಬಂದು ಎರಡು ಮೀಟರ್ ಮಲ್ ಬಟ್ಟೆ, ಒಂದು ಮೀಟರ್ ಪಾಪ್ಲಿನ್, ನಾಲ್ಕು ಮೊಳ ಲಾಡಿ ಎಂದು ಕೇಳುತ್ತಿದ್ದರು. ಬಟ್ಟೆ ಹಿಡಿದು ನೇರವಾಗಿ ನಮ್ಮ ಮನೆಯ ಹಿಂಬಾಗಿಲಿಗೆ ಹೋಗುತ್ತಿದ್ದರು ಎಂಬುದು ನನಗೆ ಆಗ ಗೊತ್ತಿರಲಿಲ್ಲ. ಮದುಮಗಳಿಗೆ, ಎದೆಹಾಲು ಕೊಡುವ ಬಾಣಂತಿಗೆ, ಬೆನ್ನು ಬಾಗಿದ ಮುದುಕಿಗೆ, ಹೀಗೆ ಅವರವರ ಮೈಗೆ ತಕ್ಕಂತೆ ಉಮ್ಮ ಹೊಲಿದು ಕೊಡುತ್ತಿದ್ದರು. ಲೆಕ್ಕದ ಪುಸ್ತಕ ಇರಲಿಲ್ಲ. ಅಳತೆಗಳೆಲ್ಲ ತಲೆಯಲ್ಲಿ.

ಇದು ನಿಂತದ್ದು ಎಲಾಸ್ಟಿಕ್ಕಿನಿಂದ ಮತ್ತು ತಿರುಪ್ಪೂರಿನಿಂದ. 1820ರಲ್ಲಿ ಇಂಗ್ಲೆಂಡಿನ ಥಾಮಸ್ ಹ್ಯಾನ್‌ಕಾಕ್ ಉಡುಪಿಗೆ ರಬ್ಬರ್ ಪಟ್ಟಿ ಹಚ್ಚುವ ವಿಧಾನಕ್ಕೆ ಪೇಟೆಂಟ್ ಪಡೆದ. ಆಗಿನ ರಬ್ಬರ್ ಸೆಕೆಗೆ ಅಂಟಾಗುತ್ತಿತ್ತು, ಚಳಿಗೆ ಗಡುಸಾಗುತ್ತಿತ್ತು. ಗುಡ್‌ಇಯರ್ ಅದನ್ನು ಗಂಧಕದ ಜೊತೆ ಬೇಯಿಸುವ ದಾರಿ ಕಂಡುಕೊಂಡು 1844ರಲ್ಲಿ ಪೇಟೆಂಟ್ ಮಾಡಿಸಿದ ಮೇಲೆ ಎಲಾಸ್ಟಿಕ್ ನಿಜವಾಗಿ ಬಳಕೆಗೆ ಬಂತು. ಕಳೆದ ಶತಮಾನದಲ್ಲಿ ತಿರುಪ್ಪೂರು ಹೆಣೆದ ಬಟ್ಟೆಯ ಊರಾಗಿ ಬೆಳೆಯಿತು. ನೇಯ್ದ ಬಟ್ಟೆಯಲ್ಲಿ ಹಾಸು ಹೊಕ್ಕು ಎರಡೂ ಬಿಗಿ. ಹೆಣೆದ ಬಟ್ಟೆಯಲ್ಲಿ ಕುಣಿಕೆಗಳು ಇರುವುದರಿಂದ ಅದು ಎಳೆದಷ್ಟು ಹಿಗ್ಗುತ್ತದೆ. ಅಂದರೆ ನಾಲ್ಕೇ ಸೈಜು ಮಾಡಿ ನಾಲ್ಕು ಸಾವಿರ ಜನರಿಗೆ ಮಾರಬಹುದು. ಮೈಯ ಅಳತೆಗೆ ಬಟ್ಟೆ ಕತ್ತರಿಸುವ ಕಾಲ ಹೋಗಿ, ಸಿಕ್ಕಿದ ಬಟ್ಟೆಯ ಅಳತೆಗೆ ಮೈ ಹೊಂದಿಕೊಳ್ಳುವ ಕಾಲ ಬಂತು. ಹಿಂಬಾಗಿಲಿಗೆ ಬರುವವರು ಕಡಿಮೆಯಾದರು. ಉಮ್ಮ ತನಗೆ ಮಾತ್ರ ಹೊಲಿದುಕೊಳ್ಳುತ್ತಾ ಉಳಿದರು.

ಮೂರು ವರ್ಷದ ಹಿಂದೆ ಉಮ್ಮನಿಗೆ ಬಲ ಎದೆಯ ಆಪರೇಷನ್ ಆಯಿತು. ಮನೆಗೆ ಬಂದ ಮೇಲೆ ಬಲಗೈ ಬಾತುಕೊಂಡಿತು. ಕೈ ಎತ್ತಲು ಆಗುತ್ತಿರಲಿಲ್ಲ, ಯಂತ್ರದ ಹಿಡಿ ತಿರುಗಿಸಲೂ ಆಗುತ್ತಿರಲಿಲ್ಲ. ಹಳೆಯವು ಯಾವುವೂ ಸರಿಹೊಂದಲಿಲ್ಲ. ನನ್ನ ಹೆಂಡತಿ ಪೇಟೆಯಿಂದ ತಂದದ್ದರ ಪಟ್ಟಿ ಗಾಯದ ಮೇಲೆಯೇ ಕೂರುತ್ತಿತ್ತು. ಒಂದು ರಾತ್ರಿ ನೋವಿನಿಂದ ಅಳುವುದನ್ನು ಕೇಳಿದೆ. ಮನೆಯಲ್ಲಿ ಉಮ್ಮನ ಬಿಟ್ಟರೆ ಯಂತ್ರ ನಡೆಸಲು ಬರುತ್ತಿದ್ದವನು ನಾನೊಬ್ಬನೇ, ಅದೂ ರಿಪೇರಿ ಮಾಡಿ ಗೊತ್ತಿದ್ದುದರಿಂದ. ಡಿಪ್ಲೊಮಾದಲ್ಲಿ ಕಲಿತದ್ದು ಅಲ್ಲಿ ಉಪಯೋಗಕ್ಕೆ ಬಂತು.

ಉಮ್ಮ ಮಂಚದ ಮೇಲೆ ಕೂತು ಹೇಳಿದರು, ನಾನು ನೆಲದಲ್ಲಿ ಕೂತು ಕತ್ತರಿಸಿದೆ. ಅಳತೆಯನ್ನು ಹೆಂಡತಿ ತೆಗೆದು ಚೀಟಿಯಲ್ಲಿ ಬರೆದು ಕೊಟ್ಟಳು. ಅವರ ಪಾಠ ಹೀಗೆ:

ಹೊಸ ಬಟ್ಟೆಯನ್ನು ಮೊದಲು ಒಗೆದು ಒಣಗಿಸಬೇಕು. ಕುಗ್ಗುವುದು ಕತ್ತರಿಸುವ ಮೊದಲೇ ಕುಗ್ಗಲಿ. ಪತ್ರಿಕೆಯಲ್ಲಿ ನಕ್ಷೆ ಕತ್ತರಿಸಿ ನೋಡಬೇಕು. ನೇಯ್ದ ಬಟ್ಟೆ ಹಿಗ್ಗುವುದಿಲ್ಲವಾದ್ದರಿಂದ ಎದೆಯ ಸುತ್ತಳತೆಗೆ ನಾಲ್ಕು ಇಂಚು ಸಡಿಲ ಸೇರಿಸಬೇಕು. ಕಂಕುಳ ಕೆಳಗೆ ಮೂರು ಇಂಚಿನ ಒಂದು ಚೌಕ ತುಂಡು ಓರೆಯಾಗಿ ಕೂರಿಸಿದರೆ ಕೈ ಆಡಿಸಲು ಜಾಗ ಸಿಗುತ್ತದೆ. ಕುತ್ತಿಗೆಗೆ ಹಚ್ಚುವ ಪಟ್ಟಿಯನ್ನು ಬಟ್ಟೆಯ ಮೂಲೆಯಿಂದ ಮೂಲೆಗೆ ಓರೆಯಾಗಿ ಕತ್ತರಿಸಬೇಕು. ಓರೆಯಲ್ಲಿ ಹಾಸು ಹೊಕ್ಕಿನ ಚೌಕಗಳು ವಾಲುವುದರಿಂದ ಬಟ್ಟೆ ಬಾಗುತ್ತದೆ. ಚಡ್ಡಿಯಾದರೆ ಕಾಲುಗಳ ನಡುವೆ ಎರಡು ಪದರದ ಹತ್ತಿಯ ತುಂಡು ಹಾಕಬೇಕು, ಆ ತುಂಡಿನ ಮಧ್ಯದಲ್ಲಿ ಹೊಲಿಗೆ ಬರಬಾರದು. ಎಲಾಸ್ಟಿಕ್ ಬೇಕೇ ಬೇಕೆಂದರೆ 30 ಇಂಚಿನ ಸೊಂಟಕ್ಕೆ 27 ಇಂಚು ಸಾಕು, ಅದಕ್ಕಿಂತ ಎಳೆದರೆ ಗುರುತು ಬೀಳುತ್ತದೆ.

ಎಲ್ಲಕ್ಕಿಂತ ದೊಡ್ಡ ಪಾಠ, ಹೊಲಿಗೆಯ ಅಂಚು ಹೊರಗೆ ಇರಬೇಕು, ನಯವಾದ ಮುಖ ಮೈಗೆ ತಾಗಬೇಕು. ಅಂಗಡಿಯದ್ದು ನೋಡುವವರಿಗಾಗಿ ಹೊಲಿದದ್ದು, ಇದು ತೊಡುವವರಿಗಾಗಿ ಹೊಲಿಯುವುದು ಎಂದರು.

ಭುಜದ ಪಟ್ಟಿಯನ್ನು ಎರಡು ಇಂಚು ಅಗಲ ಮಾಡಲು ಹೇಳಿದಾಗ ನನಗೆ ಪಾಲಿಟೆಕ್ನಿಕ್ಕಿನ ಮೊದಲ ವರ್ಷ ನೆನಪಾಯಿತು. ಅದೇ ಭಾರ, ವಿಸ್ತಾರ ಹೆಚ್ಚಾದರೆ ಒತ್ತಡ ಕಡಿಮೆ. ಇದನ್ನು ನಾನು ಬೋರ್ಡಿನ ಮೇಲೆ ಬರೆದು ಮಾರ್ಕು ಪಡೆದವನು. ಉಮ್ಮ ಭುಜದ ಮೇಲೆ ಹೊತ್ತು ಕಲಿತವರು.

ಕೈ ಎತ್ತಲಾಗದ ಕಾರಣ ಮುಂದೆ ತೆರೆಯುವಂತೆ ಮಾಡಿ ಲಾಡಿ ಇಟ್ಟೆವು. ಬಲಗಡೆ ಒಳಗೊಂದು ಜೇಬು ಮಾಡಿ, ಅದರಲ್ಲಿ ಮೆತ್ತನೆಯ ಹತ್ತಿ ತುಂಬಿದ ಸಣ್ಣ ದಿಂಬು. ಮೊದಲನೆಯದು ಕಂಕುಳಲ್ಲಿ ಬಿಗಿಯಾಗಿ ಹಾಳಾಯಿತು. ಎರಡನೆಯದಕ್ಕೆ ಬಲಗಡೆ ಒಂದು ಇಂಚು ಕೆಳಗೆ ಕತ್ತರಿಸಿದೆ. ಉಮ್ಮ ಅದನ್ನು ಹಿಂದೆ ಮುಂದೆ ತಿರುವಿ, ಬೆರಳಲ್ಲಿ ಹೊಲಿಗೆ ಸವರಿ ನೋಡಿ, ಏನೂ ಹೇಳದೆ ಒಳಗೆ ಒಯ್ದರು. ಆ ರಾತ್ರಿ ನಿದ್ದೆ ಮಾಡಿದರು. ಮರುದಿನ ಬೆಳಿಗ್ಗೆ, "ಇನ್ನು ಮೂರು ಬೇಕು, ಒಗೆದು ಹಾಕಲು" ಎಂದರು. ಉಪ್ಪ ಬಾಗಿಲ ಬಳಿ ನಿಂತು ಕೇಳಿಸಿಕೊಂಡರು. ಅಂಗಡಿಯಿಂದ ಒಂದು ಥಾನು ಮಲ್ ತಂದು ಯಂತ್ರದ ಪಕ್ಕ ಇಟ್ಟು ಹೋದರು.

ಅಲ್‌ಹಮ್ದುಲಿಲ್ಲಾಹ್, ಉಮ್ಮ ಈಗ ಚೆನ್ನಾಗಿದ್ದಾರೆ. ನನ್ನ ಏಳು ವರ್ಷದ ಮಗಳ ಶಿಮ್ಮೀಸನ್ನೂ ಈಗ ನಾನೇ ಹೊಲಿಯುತ್ತೇನೆ. ಉಮ್ಮ ತಪ್ಪು ತೋರಿಸುತ್ತಾರೆ.

ಕಾಸರಗೋಡು 1956ರಲ್ಲಿ ಯಾವ ರಾಜ್ಯಕ್ಕೆ ಸೇರಿತು ಎಂಬುದು ದಾಖಲೆಯಲ್ಲಿದೆ. ನಮ್ಮ ಹೆಂಗಸರು ತಮ್ಮ ಮೈಗೆ ಒಪ್ಪುವ ಬಟ್ಟೆಯನ್ನು ಹೇಗೆ ಕತ್ತರಿಸುತ್ತಿದ್ದರು ಎಂಬುದು ಅವರ ತಲೆಯಲ್ಲಿ ಮಾತ್ರ ಇದೆ. ನಿಮ್ಮ ಮನೆಯ ಮರದ ಪೆಟ್ಟಿಗೆಯಲ್ಲಿ ಹಳೆಯ ಕುಪ್ಪಾಯವೋ ಶಿಮ್ಮೀಸೋ ಇದ್ದರೆ ನೆಲ ಒರೆಸಲು ತೆಗೆಯಬೇಡಿ. ಅದನ್ನು ತಿರುವಿ ಹೊಲಿಗೆ ನೋಡಿ. ಹೊಲಿದವರು ಇನ್ನೂ ಇದ್ದರೆ, ಇವತ್ತೇ ಹೋಗಿ ಪಕ್ಕದಲ್ಲಿ ಕೂತು ಕೇಳಿ.