ಹಿಂಗಾರಿಯ ಲೆಕ್ಕ

ನಮ್ಮ ದೇಶದ ಹವಾಮಾನ ಇಲಾಖೆ ಹುಟ್ಟಿದ್ದು 1875ರಲ್ಲಿ. ಅದರ ಮೊದಲ ಮುಖ್ಯಸ್ಥ ಹೆನ್ರಿ ಬ್ಲಾನ್‌ಫೋರ್ಡ್ ಹಿಮಾಲಯದ ಹಿಮ ನೋಡಿ 1886ರಲ್ಲಿ ಮುಂಗಾರಿನ ಮುನ್ಸೂಚನೆ ಕೊಟ್ಟ. ಅಂದಿನಿಂದ ದೇಶವೆಲ್ಲ ಜೂನ್ ತಿಂಗಳಲ್ಲಿ ಕೇರಳದ ಕಡೆ ಮುಖ ಮಾಡಿ ನಿಲ್ಲುತ್ತದೆ. ವಿಜಯಪುರ ಸೀಮೆಯ ಡೋಣಿ ದಂಡೆಯ ಯರಿ ಹೊಲಗಳ ಹಣೆಬರಹ ಮಾತ್ರ ಜೂನಿನಲ್ಲಿ ಬರೆದದ್ದಲ್ಲ. ಇಲ್ಲಿ ವರ್ಷಕ್ಕೆ ಬೀಳುವುದೇ 600 ಮಿ.ಮೀ. ಆಸುಪಾಸು, ಅದರಲ್ಲಿ ಹೆಚ್ಚು ಬೀಳುವ ತಿಂಗಳು ಸೆಪ್ಟೆಂಬರ್. ನಮ್ಮ ಹಿರಿಯರು ಮುಂಗಾರಿ ಮಳೆಯನ್ನು ಭೂಮಿಗೆ ಕುಡಿಸಿ, ಹೊಲ ಖಾಲಿ ಬಿಟ್ಟು, ಕುಂಟೆ ಹೊಡೆದು ಕಾಯುತ್ತಿದ್ದರು. ಬಿತ್ತುವುದೇನಿದ್ದರೂ ಉತ್ತರಿ, ಹಸ್ತದಲ್ಲಿ. ಬಿಳಿಜೋಳ, ಕಡಲೆ, ಕುಸುಬಿ.

ಆ ಕಾಯುವಿಕೆ ಸೋತರೆ ಏನಾಗುತ್ತದೆ ಎಂಬುದನ್ನು 1876 ತೋರಿಸಿತು. ಹವಾಮಾನ ಇಲಾಖೆ ಆಗಿನ್ನೂ ಒಂದು ವರ್ಷದ ಕೂಸು. ನಮ್ಮದು ಆಗ ಕಲಾದಗಿ ಜಿಲ್ಲೆ. ಮುಂಗಾರು ಮೊದಲೇ ಬಡವಾಗಿತ್ತು. ಸೆಪ್ಟೆಂಬರ್, ಅಕ್ಟೋಬರ್ ಕೂಡ ಕೈಕೊಟ್ಟಿತು. ಹಿಂಗಾರಿ ಬಿತ್ತನೆಗೆ ಹದವೇ ಆಗಲಿಲ್ಲ. ಬಳ್ಳಾರಿ, ಧಾರವಾಡ, ಮೈಸೂರು ಸೀಮೆಯನ್ನೆಲ್ಲ ನುಂಗಿದ ಆ ಬರ 1878ರವರೆಗೆ ಎಳೆಯಿತು, ಲಕ್ಷಾಂತರ ಜನ ಸತ್ತರು. ಈ ಬರದ ಕಥೆಯನ್ನು ಮುಂಗಾರಿನ ಸೋಲೆಂದಷ್ಟೇ ಹೇಳುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ನಮ್ಮ ಕಡೆ ಜೂನ್ ತಪ್ಪಿದರೂ ಹಸ್ತ, ಚಿತ್ತಿ ಹಿಡಿದರೆ ಮನೆಯ ಹಗೇವು ತುಂಬುತ್ತಿತ್ತು. ಆ ಕೊನೆಯ ಬಾಗಿಲು ಮುಚ್ಚಿದ್ದರಿಂದಲೇ ಜನ ಊರು ಬಿಟ್ಟದ್ದು.

ನನ್ನ ಮುತ್ಯಾನಿಗೆ ಇಂಗ್ಲಿಷ್ ತಿಂಗಳುಗಳು ಬಾಯಿಗೆ ಬರುತ್ತಿರಲಿಲ್ಲ. ಅವನ ಕ್ಯಾಲೆಂಡರ್ ಸೂರ್ಯನ ನಡಿಗೆಯದು, ಒಂದೊಂದು ನಕ್ಷತ್ರಕ್ಕೆ ಹದಿಮೂರು ಹದಿನಾಲ್ಕು ದಿನ. ಅಕ್ಟೋಬರ್ ನಡುವೆ ಚಿತ್ತಿ, ಕೊನೆಯ ವಾರದಿಂದ ಸ್ವಾತಿ, ಆಮೇಲೆ ವಿಶಾಖ, ಅನುರಾಧ. ಪಂಚಾಂಗದಲ್ಲಿ ಪ್ರತಿ ಮಳೆಗೂ ಒಂದು ವಾಹನ: ಕಪ್ಪೆ, ಎಮ್ಮೆ, ಕುದುರೆ. ಯುಗಾದಿಯ ದಿನ ಅದನ್ನು ಕೇಳಿಸಿಕೊಳ್ಳುತ್ತಿದ್ದ. ಆದರೆ ಬಿತ್ತುವ ಮುಂಚೆ ನಂಬುತ್ತಿದ್ದುದು ತನ್ನ ಕೈಯನ್ನು. ಗೇಣುದ್ದ ಅಗೆದು ಮಣ್ಣು ಹಿಡಿಯುತ್ತಿದ್ದ, ಉಂಡೆ ಕಟ್ಟಿ ನೋಡುತ್ತಿದ್ದ. ಮೇಲಿನ ಹಸಿ ಕೆಳಗಿನ ಹಸಿಗೆ ಕೂಡಿದ್ದರೆ ಮಾತ್ರ, "ಹೂಡ್ರಪಾ ಕೂರಿಗಿ" ಅನ್ನುತ್ತಿದ್ದ.

ಈ ನಕ್ಷತ್ರಗಳ ಲೆಕ್ಕ ಋತುವಿನಿಂದ ಸುಮಾರು 72 ವರ್ಷಕ್ಕೆ ಒಂದು ದಿನ ಸರಿಯುತ್ತದೆ. ವರಾಹಮಿಹಿರನ ಆರನೆಯ ಶತಮಾನದಿಂದ ಈಚೆಗೆ ಅದು ಮೂರು ವಾರದಷ್ಟು ಜಾರಿದೆ. ಮೊದಲಿನಂತೆ ಮಳೆ ಬರುವುದಿಲ್ಲ ಎಂದು ಮುದುಕರು ಹೇಳಿದಾಗ ಕೆಲವರು ಇದನ್ನೇ ಕಾರಣ ಕೊಡುತ್ತಾರೆ. ಒಂದು ಜನ್ಮದಲ್ಲಿ ಒಂದು ದಿನ ಸರಿದದ್ದು ಯಾರ ಹೊಲಕ್ಕೂ ತಿಳಿಯದು. ಮುದುಕರು ನೋಡುತ್ತಿರುವುದು ಬೇರೆಯೇ ಬದಲಾವಣೆ, ಅದನ್ನು ಪಂಚಾಂಗದ ತಲೆಗೆ ಕಟ್ಟುವುದು ಸರಿಯಲ್ಲ.

ಸರ್ಕಾರ ಹಿಂಗಾರಿಯ ಕಡೆ ನಿಜವಾಗಿ ಕಣ್ಣು ಹಾಯಿಸಿದ್ದು 1930ರ ದಶಕದಲ್ಲಿ. ಒಣ ಬೇಸಾಯದ ಸಂಶೋಧನೆಗೆ ದೇಶದಲ್ಲಿ ಐದು ಜಾಗ ಆರಿಸಿದರು. ಸೊಲ್ಲಾಪುರ, ರೋಹ್ತಕ್ ಬಿಟ್ಟರೆ ಉಳಿದ ಮೂರೂ ಇಂದಿನ ಕರ್ನಾಟಕದವು: ಬಿಜಾಪುರ, ಹಗರಿ, ರಾಯಚೂರು. ಬಿದ್ದ ನೀರನ್ನು ಬಿದ್ದಲ್ಲೇ ನಿಲ್ಲಿಸುವುದು ಅಲ್ಲಿನ ಕೆಲಸ. ಒಡ್ಡು ಹಾಕುವುದು, ಸಾಲು ಅಗಲ ಬಿಡುವುದು, ಬೀಜ ಕಡಿಮೆ ಬಿತ್ತುವುದು. ಇಂದಿಗೂ ನಮ್ಮವರು ಮಾಡುವ ಚೌಕುಮಡಿ ಅದೇ ವಿಚಾರದ್ದು. ಅದೇ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೊಹೋಳದಲ್ಲಿ ಸ್ಥಳೀಯ ಮಾಲದಂಡಿ ಜೋಳದಿಂದ ಆರಿಸಿ ತೆಗೆದ ಎಂ 35-1 ತಳಿ ನಮ್ಮ ರೊಟ್ಟಿಯ ತಟ್ಟೆಯಲ್ಲಿ ಈಗಲೂ ಇದೆ.

ರೈತರಿಗೆಂದೇ ಹವಾಮಾನ ವಾರ್ತೆ ಆಕಾಶವಾಣಿಯಲ್ಲಿ ಬರತೊಡಗಿದ್ದು 1945ರಲ್ಲಿ. ಧಾರವಾಡ ಕೇಂದ್ರ ಶುರುವಾದದ್ದು 1950ರಲ್ಲಿ. ನಾನು ಚಿಕ್ಕವನಿದ್ದಾಗ "ಉತ್ತರ ಒಳನಾಡಿನ ಒಂದೆರಡು ಕಡೆ ಮಳೆ" ಎಂಬ ಮಾತಿಗೆ ಮನೆಯವರೆಲ್ಲ ಕಿವಿಗೊಟ್ಟರೆ, ಮುತ್ಯಾ ಅದರ ಮುಂದಿನದಕ್ಕೆ ಕಾಯುತ್ತಿದ್ದ. ರಾತ್ರಿಯ ಉಷ್ಣಾಂಶ ಇಳಿದಿದೆಯೇ? ದೀಪಾವಳಿ ದಾಟಿದ ಮೇಲೆ ಬಂಗಾಳ ಕೊಲ್ಲಿಯ ಮೋಡ ಹರಿದು, ಬಡಗಣದ ಒಣ ಗಾಳಿ ಬೀಸಿ, ಆಕಾಶ ತೊಳೆದಂತಾದರೆ ಚಳಿ ಇಳಿಯುತ್ತದೆ. "ಇನ್ನ ಚಳಿ ಹಿಡೀತು ನೋಡು, ಕಡ್ಲಿಗೆ ಹುಳಿ ಏರತೈತಿ" ಅನ್ನುತ್ತಿದ್ದ. ಇಬ್ಬನಿಯ ಬೆಳಗಿನಲ್ಲಿ ಆಯಿ ಕಡಲೆ ಗಿಡಗಳ ಮೇಲೆ ಬಿಳಿ ಬಟ್ಟೆ ಹಾಸಿ, ಎಲೆಯ ಹುಳಿ ಹೀರಿಸಿ, ಹಿಂಡಿ ಸೀಸೆಗೆ ತುಂಬುತ್ತಿದ್ದಳು. ಹೊಟ್ಟೆನೋವಿಗೆ ಅದೇ ಔಷಧ. ಹೂಬಿಟ್ಟ ಹೊತ್ತಿಗೆ ಮತ್ತೆ ಮಳೆ ಬಂದರೆ ಹುಳಿ ತೊಳೆದು ಹೋಗುತ್ತದೆಂದು ಅವಳಿಗೆ ಹೆದರಿಕೆ. ಮಳೆ ಎಷ್ಟು ಬೇಕೋ ಅಷ್ಟೇ ಮಳೆ ನಿಲ್ಲುವುದೂ ಬೇಕು.

ಈಗ ಆ ಹೊಲಗಳಲ್ಲಿ ತೊಗರಿ ನಿಂತಿದೆ. ಅದನ್ನು ಬಿತ್ತುವುದು ಮುಂಗಾರಿಗೆ, ಕೊಯ್ಯುವುದು ಚಳಿಗಾಲದಲ್ಲಿ. ಹೀಗಾಗಿ ಬಿಳಿಜೋಳಕ್ಕೆ ನೆಲ ಖಾಲಿ ಸಿಗುವುದಿಲ್ಲ. ತಿಕೋಟಾ, ಬಬಲೇಶ್ವರದ ಕಡೆ ದ್ರಾಕ್ಷಿ. ಅದಕ್ಕೆ ಚಾಟ್ನಿ ಮಾಡುವುದು, ಅಂದರೆ ಕಡ್ಡಿ ಕತ್ತರಿಸುವುದು, ಅಕ್ಟೋಬರ್‌ನಲ್ಲಿ. ಜೋಳದ ಸಸಿಗೆ ಜೀವ ಕೊಟ್ಟ ಸ್ವಾತಿ ಮಳೆ ದ್ರಾಕ್ಷಿಯ ಎಳೆ ಚಿಗುರಿಗೆ ಡೌನಿ ರೋಗ ತರುತ್ತದೆ, ತೊಗರಿಯ ಹೂವು ಉದುರಿಸುತ್ತದೆ. ಹೋದ ಸ್ವಾತಿಯಲ್ಲಿ ನಮ್ಮ ಕಾಕಾನ ಮಗ ಮೊಬೈಲಿನಲ್ಲಿ ಮೋಡದ ಚಿತ್ರ ನೋಡುತ್ತ ರಾತ್ರಿಯೇ ಔಷಧಿ ಹೊಡೆಯಲು ಟ್ರ್ಯಾಕ್ಟರ್ ಹೂಡಿಸಿದ. ಪಕ್ಕದ ಹೊಲದವರು ಎರಡೆಕರೆ ಜೋಳ ಬಿತ್ತಿ ಅದೇ ಮಳೆಗೆ ಕಾಯುತ್ತಿದ್ದರು.