ಎಲೈಜಾ ಫೆನಿಂಗಳ ವಿಚಾರಣೆ: ಒಂದು ಸಾಕ್ಷ್ಯವಿಮರ್ಶೆ

ಅಪರಾಧವು ಸಿದ್ಧವಾಗದೆಯೇ ಮರಣದಂಡನೆಗೆ ಗುರಿಯಾದವರ ಚರಿತ್ರೆಯಲ್ಲಿ ಲಂಡನ್ ನಗರದ ಎಲೈಜಾ ಫೆನಿಂಗಳ ಪ್ರಕರಣವು ವಿಶೇಷವಾಗಿ ಪರಿಶೀಲನಾರ್ಹವಾದುದು. ಈಕೆಯು 1815ರಲ್ಲಿ ಚಾನ್ಸರಿ ಲೇನ್ ಬೀದಿಯ ಟರ್ನರ್ ಎಂಬವರ ಮನೆಯಲ್ಲಿ ಅಡಿಗೆಯವಳಾಗಿದ್ದಳು.

ಆ ವರ್ಷದ ಮಾರ್ಚಿ 21ರಂದು ಅವಳು ಬೇಯಿಸಿದ ಹುದುಗುಹಿಟ್ಟಿನ ಕಡುಬುಗಳನ್ನು ತಿಂದು ಆರ್ಲಿಬಾರ್ ಟರ್ನರನೂ, ಅವನ ಮಗ ರಾಬರ್ಟನೂ, ಸೊಸೆ ಷಾರ್ಲೆಟಳೂ, ಮನೆಯಲ್ಲಿ ಕೆಲಸ ಕಲಿಯುತ್ತಿದ್ದ ಹುಡುಗನೊಬ್ಬನೂ ವಾಂತಿ ಹೊಟ್ಟೆನೋವುಗಳಿಂದ ನರಳಿದರು. ಫೆನಿಂಗಳೂ ಅವನ್ನೇ ತಿಂದು ಅದೇ ಬಾಧೆಯನ್ನು ಅನುಭವಿಸಿದಳು. ಯಾರೂ ಸಾಯಲಿಲ್ಲ. ಆದರೆ 1803ರ ಎಲೆನ್‌ಬರೋ ಶಾಸನದಂತೆ ಕೊಲ್ಲುವ ಉದ್ದೇಶದಿಂದ ವಿಷವಿಕ್ಕುವುದೇ ಮರಣದಂಡನೆಗೆ ಸಾಕಾಗಿದ್ದಿತು.

ಏಪ್ರಿಲ್ 11ರಂದು ಓಲ್ಡ್ ಬೇಲಿ ನ್ಯಾಯಸ್ಥಾನದಲ್ಲಿ ನಡೆದ ವಿಚಾರಣೆಯಲ್ಲಿ ಅವಳಿಗೆ ಪ್ರತಿಕೂಲವಾಗಿ ಬಂದ ಮುಖ್ಯಾಂಶಗಳು ನಾಲ್ಕು. ಮೊದಲನೆಯದು, ಇಲಿಗಳಿಗಾಗಿ ಇಟ್ಟಿದ್ದ ಪಾಷಾಣದ ಪೊಟ್ಟಣವು ಕಾಣೆಯಾದುದು. ಆದರೆ ಅದಿದ್ದ ಮೇಜಿನ ಪೆಟ್ಟಿಗೆಗೆ ಬೀಗವಿರಲಿಲ್ಲ. ಒಲೆ ಹೊತ್ತಿಸುವ ರದ್ದಿಕಾಗದವೂ ಅದರಲ್ಲಿಯೇ ಇರುತ್ತಿದ್ದುದರಿಂದ ಮನೆಯವರಲ್ಲಿ ಯಾರು ಬೇಕಾದರೂ ಅದನ್ನು ತೆರೆಯಬಹುದಾಗಿದ್ದಿತು. ಎರಡನೆಯದು, ಕಡುಬುಗಳು ಉಬ್ಬದಿದ್ದುದು. ಹಿಟ್ಟು ಉಬ್ಬದಿರುವುದಕ್ಕೆ ಪಾಷಾಣವೇ ಕಾರಣವಾಗಬೇಕಾಗಿಲ್ಲ. ಮೂರನೆಯದು, ಶಸ್ತ್ರವೈದ್ಯ ಜಾನ್ ಮಾರ್ಷಲನ ಸಾಕ್ಷ್ಯ. ಪಾತ್ರೆಯನ್ನು ತೊಳೆದಾಗ ಬಿಳಿಯ ಪುಡಿಯು ದೊರೆಯಿತೆಂದೂ, ಕಡುಬನ್ನು ಕೊಯ್ದ ಚೂರಿಗಳು ಪಾಷಾಣದಿಂದಲೇ ಕಪ್ಪಾದುವೆಂದೂ ಅವನು ಹೇಳಿದನು. ಬಿಳಿಯ ಪಾಷಾಣವು ಉಕ್ಕನ್ನು ಕಪ್ಪುಮಾಡುವುದಿಲ್ಲ. ಇನ್ನು ಆ ಪುಡಿಯು ಪಾಷಾಣವೇ ಎಂದು ಒಪ್ಪಿದರೂ ಅದನ್ನು ಬೆರೆಸಿದ ಕೈ ಯಾವುದೆಂಬುದು ಅದರಿಂದ ತಿಳಿಯದು. ನಾಲ್ಕನೆಯದು, ಕೆಲಸ ಕಲಿಯುವ ಹುಡುಗರ ಕೋಣೆಗೆ ಅವಳು ಹೋದಳೆಂದು ಯಜಮಾನಿಯು ಕೆಲವು ವಾರಗಳ ಹಿಂದೆ ಗದರಿಸಿದುದು. ಇಷ್ಟರಿಂದಲೇ ದ್ವೇಷವು ಕಲ್ಪಿತವಾಯಿತು.

ಆಕ್ಷೇಪಗಳು ಇಷ್ಟು ಸ್ಪಷ್ಟವಾಗಿದ್ದರೂ ಅವನ್ನು ಪಂಚಾಯತರ ಮುಂದೆ ವಿವರಿಸುವ ಮಾರ್ಗವೇ ಇರಲಿಲ್ಲ. ಇಂತಹ ಘೋರಾಪರಾಧಗಳಲ್ಲಿ ಆಪಾದಿತರ ವಕೀಲನು ಸಾಕ್ಷಿಗಳನ್ನು ಪ್ರಶ್ನಿಸಬಹುದಿತ್ತೇ ಹೊರತು ಪಂಚಾಯತರನ್ನು ಉದ್ದೇಶಿಸಿ ವಾದಿಸುವಂತಿರಲಿಲ್ಲ. ಆ ಅಧಿಕಾರವು 1836ರಲ್ಲಿ ದೊರೆಯಿತು. ಆಪಾದಿತರು ತಾವೇ ಪ್ರಮಾಣಪೂರ್ವಕವಾಗಿ ಸಾಕ್ಷ್ಯ ಹೇಳುವುದಕ್ಕೆ ಎಲ್ಲ ಪ್ರಕರಣಗಳಲ್ಲಿಯೂ ಅವಕಾಶವಾದುದು 1898ರಲ್ಲಿ. ಅಲ್ಪ ಪ್ರಮಾಣದ ಪಾಷಾಣವನ್ನು ನಿಶ್ಚಯವಾಗಿ ಕಂಡುಹಿಡಿಯುವ ಮಾರ್ಷ್‌ನ ಪರೀಕ್ಷೆಯು ಪ್ರಕಟವಾದುದೂ 1836ರಲ್ಲಿಯೇ. ನ್ಯಾಯಾಧಿಪತಿ ಸರ್ ಜಾನ್ ಸಿಲ್ವೆಸ್ಟರನು ಪಂಚಾಯತರಿಗೆ ಹೇಳಿದ ಮಾತುಗಳು ಅವಳಿಗೆ ಪ್ರತಿಕೂಲವಾಗಿದ್ದುವು. ಕೆಲವೇ ನಿಮಿಷಗಳಲ್ಲಿ ಅಪರಾಧಿನಿಯೆಂಬ ನಿರ್ಣಯವು ಹೊರಬಿದ್ದಿತು.

ಕ್ಷಮೆಯನ್ನು ಕೋರಿದ ಮನವಿಗಳು ಫಲಿಸಲಿಲ್ಲ. ಜುಲೈ 26ರಂದು ನ್ಯೂಗೇಟ್ ಸೆರೆಮನೆಯ ಮುಂದೆ ಅವಳನ್ನು ಗಲ್ಲಿಗೇರಿಸಿದರು. ಕಡೆಯ ಗಳಿಗೆಯವರೆಗೂ ಅವಳು ತಾನು ನಿರಪರಾಧಿನಿಯೆಂದೇ ನುಡಿದಳು. ಅವಳ ಶವಯಾತ್ರೆಯಲ್ಲಿ ಸಾವಿರಾರು ಜನರು ಸೇರಿದರು. ಅದೇ ವರ್ಷ ಜಾನ್ ವಾಟ್ಕಿನ್ಸನು ಸಾಕ್ಷ್ಯಗಳನ್ನು ಮತ್ತೆ ಪರಿಶೀಲಿಸಿ ಬರೆದ ಗ್ರಂಥವನ್ನು ವಿಲಿಯಂ ಹೋನನು ಪ್ರಕಟಿಸಿದನು.

ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಅಪೀಲು ನ್ಯಾಯಸ್ಥಾನವು ಏರ್ಪಟ್ಟುದು 1907ರಲ್ಲಿ. ಫೆನಿಂಗಳಿಗಾದರೋ ವಿಚಾರಣೆಯೂ ಒಂದೇ, ತೀರ್ಪೂ ಒಂದೇ. ಬಡ ಪರಿಚಾರಿಕೆಯ ಮಾತಿಗೆ ಆ ನ್ಯಾಯಸ್ಥಾನದಲ್ಲಿ ಸಿಕ್ಕದ ಬೆಲೆಯು ದೊರೆತುದು ಮುದ್ರಿತ ಪುಟಗಳಲ್ಲಿ, ಅದೂ ಅವಳ ಮರಣಾನಂತರ.