ಮರದ ಪೆನ್ನು, ರಬ್ಬರಿನ ಒಡಲು

ಹೈದರಾಬಾದಿಗೆ ಬಂದು ಇಪ್ಪತ್ತೆಂಟು ವರ್ಷವಾಯಿತು. ಬ್ಯಾಂಕಿನಲ್ಲಿ ಎಲ್ಲಾ ಕಂಪ್ಯೂಟರ್‌ಮಯವಾದರೂ ಸಹಿಗೆ ಮಾತ್ರ ನಾನು ಇಂಕ್ ಪೆನ್ನು ಬಿಟ್ಟಿಲ್ಲ. ಅದು ಗೊತ್ತಿದ್ದ ಗೆಳೆಯರೊಬ್ಬರು ಬೀಟೆ ಮರದಲ್ಲಿ ಕೈಯಿಂದಲೇ ಕಡೆದ ಪೆನ್ನೊಂದನ್ನು ಕೊಟ್ಟರು. ನೋಡಲು ಚೆಂದವೋ ಚೆಂದ. ಆದರೆ ಮಳೆಗಾಲದಲ್ಲಿ ಕ್ಯಾಪ್ ತಿರುಗಲೊಲ್ಲದು, ಬೇಸಿಗೆಯಲ್ಲಿ ಅದೇ ಕ್ಯಾಪ್ ಲೊಡಲೊಡ!

ಮರದ ಗುಣವೇ ಅಷ್ಟು. ತೇವ ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ನಮ್ಮ ಚನ್ನಪಟ್ಟಣದ ಬೊಂಬೆಗೆ ಕೂದಲೆಳೆಯಷ್ಟು ವ್ಯತ್ಯಾಸ ಲೆಕ್ಕಕ್ಕಿಲ್ಲ. ಹೊಟ್ಟೆಯಲ್ಲಿ ಶಾಯಿ ಇಟ್ಟುಕೊಂಡ ಪೆನ್ನಿಗೆ ಅಷ್ಟೇ ಸಾಕು, ಜೇಬು ನೀಲಿ. ಅದಕ್ಕೇ ಪೆನ್ನು ಮಾಡುವವರು ಬಹಳ ಹಿಂದೆಯೇ ಎಬೊನೈಟ್ ಹಿಡಿದರು. ರಬ್ಬರಿಗೆ ಹೆಚ್ಚು ಗಂಧಕ ಬೆರೆಸಿ ಕಾಯಿಸಿದ ಗಟ್ಟಿ ವಸ್ತು ಅದು. ಶಾಯಿಗೆ ಕರಗದು, ಲೇತ್‌ನಲ್ಲಿ ಮರದಂತೆ ಕಡೆಯಬಹುದು. ಹೆಸರು ಬಂದದ್ದೂ ಎಬೊನಿ ಎಂಬ ಕರಿಮರದಿಂದಲೇ.

ಈ ಎಬೊನೈಟಿನ ಕಥೆ ನಮ್ಮ ತೆಲುಗು ಸೀಮೆಯಲ್ಲಿ ಸ್ವದೇಶಿಯ ಕಥೆಯೂ ಹೌದು. ಇಲ್ಲಿಂದ ರಾತ್ರಿ ಗೌತಮಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಗಾಗುವಷ್ಟರಲ್ಲಿ ಸಿಗುವ ಊರು ರಾಜಮಂಡ್ರಿ. ಅಲ್ಲಿಯ ಕೆ.ವಿ. ರತ್ನಂ 1921ರಲ್ಲಿ ಗಾಂಧೀಜಿಯನ್ನು ಕಂಡಾಗ, ಜನರಿಗೆ ಉಪಯೋಗವಾಗುವ ಸ್ವದೇಶಿ ವಸ್ತು ಮಾಡು ಎಂಬ ಸಲಹೆ ಸಿಕ್ಕಿತಂತೆ. 1932ರಲ್ಲಿ ರತ್ನಂ ಪೆನ್ನು ಶುರುವಾಯಿತು. ಮೊದಲು ಮಾಡಿದ ಪೆನ್ನಿಗೆ ವಿದೇಶಿ ಭಾಗ ಹಾಕಿದ್ದರಿಂದ ಅದು ಒಪ್ಪಿಗೆಯಾಗಲಿಲ್ಲ ಎಂದು ಹೇಳುತ್ತಾರೆ. ಕೊನೆಗೆ ಪೂರ್ತಿ ಸ್ವದೇಶಿಯಾದ ಪೆನ್ನು ಜೆ.ಸಿ. ಕುಮಾರಪ್ಪನವರ ಮೂಲಕ ಗಾಂಧೀಜಿಗೆ ತಲುಪಿತು. ಬಳಸಿ ನೋಡಿ, ಮೆಚ್ಚಿ, ಅವರು 1935ರ ಜುಲೈನಲ್ಲಿ ಪತ್ರ ಬರೆದರು.

ಕಷ್ಟ ಎಲ್ಲಿತ್ತು ಗಮನಿಸಿ. ಕೊಳವೆ ಕಡೆಯುವುದು ಒಳ್ಳೆ ಕುಶಲಕರ್ಮಿಗೆ ದೊಡ್ಡ ಮಾತಲ್ಲ. ಕಷ್ಟವಿರುವುದು ನಿಬ್ಬಿನಲ್ಲಿ, ಅದರ ಕೆಳಗೆ ಶಾಯಿ ಹರಿಸುವ ನಾಲಿಗೆಯಲ್ಲಿ. ನಾಲಿಗೆ ನಿಬ್ಬಿಗೆ ಅಂಟಿಕೊಂಡಂತೆ ಕೂರಬೇಕು. ಸಂದು ಬಿಟ್ಟರೆ ಶಾಯಿ ಬರುವುದಿಲ್ಲ. ಎಬೊನೈಟ್ ನಾಲಿಗೆಯಾದರೆ ಬಿಸಿನೀರಿನಲ್ಲಿ ಮೆದು ಮಾಡಿ ನಿಬ್ಬಿಗೆ ಒತ್ತಿ ಕೂರಿಸುತ್ತಾರೆ. ತಿರುಪಿನಲ್ಲಿ ಗಾಳಿ ನುಗ್ಗಿದರೂ ತೊಂದರೆ. ಇಂಕ್ ಫಿಲ್ಲರಿನಿಂದ ತುಂಬಿಸುವ ಪೆನ್ನುಗಳಿಗೆ ಇನ್ನೊಂದು ಕಾಟ: ಶಾಯಿ ಅರ್ಧವಾದಾಗ ಕೈಯ ಬಿಸಿಗೆ ಒಳಗಿನ ಗಾಳಿ ಹಿಗ್ಗಿ ಶಾಯಿ ತೊಟ್ಟಿಕ್ಕುತ್ತದೆ.

ನನ್ನ ಪೆನ್ನಿನ ರಿಪೇರಿಯೂ ಇದೇ ದಾರಿ ಹಿಡಿಯಿತು. ಮರದ ಒಳಗೆ ತೆಳು ಎಬೊನೈಟ್ ಕೊಳವೆ ಅಂಟಿಸಿ, ತಿರುಪನ್ನು ಅದರಲ್ಲೇ ಕೊರೆದು, ಸ್ವಲ್ಪ ಸಿಲಿಕೋನ್ ಗ್ರೀಸ್ ಸವರಿದರು. ಈಗ ಮರಕ್ಕೆ ಅಂದದ ಕೆಲಸ, ರಬ್ಬರಿಗೆ ದುಡಿಮೆ. ನಿಬ್ಬು ಮಾತ್ರ ಜರ್ಮನಿಯದು! ಇಂದೂ ನಮ್ಮ ಹಲವು ಕೈಪೆನ್ನುಗಳಿಗೆ ಅಲ್ಲಿಂದಲೇ ನಿಬ್ಬು ಬರಬೇಕು. ತೊಂಬತ್ತು ವರ್ಷದ ಹಿಂದೆ ರಾಜಮಂಡ್ರಿಯಲ್ಲಿ ಪಟ್ಟು ಹಿಡಿದದ್ದು ಸಣ್ಣ ಹಟವಲ್ಲ ಅಂತ ಸಹಿ ಹಾಕುವಾಗಲೆಲ್ಲ ಅನ್ನಿಸುತ್ತದೆ.